ಔಷಧ ಯಾರಿಗೆ ಬೇಕು, ಯಾರಿಗೆ ಬೇಡ?

ಮೂತ್ರಕೋಶದ ಸ್ನಾಯುಪದರದವರೆಗೂ ಕ್ಯಾನ್ಸರ್ ಇಳಿದಿದ್ದರೆ ಆ ಅಂಗವನ್ನೇ ತೆಗೆದುಹಾಕುವುದು ರೂಢಿಯಲ್ಲಿರುವ ಚಿಕಿತ್ಸೆ. ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆಯ ನಂತರವೂ ಅನೇಕರಲ್ಲಿ ರೋಗ ಮರುಕಳಿಸುತ್ತದೆ. ಸ್ಕ್ಯಾನಿಂಗಿನಲ್ಲಿ ಕಾಣದಷ್ಟು ಸೂಕ್ಷ್ಮವಾಗಿ ರೋಗ ಉಳಿದಿರುವುದೇ ಇದಕ್ಕೆ ಕಾರಣ. ದೇಹದ ರೋಗನಿರೋಧಕ ವ್ಯವಸ್ಥೆಗೆ ಕ್ಯಾನ್ಸರ್ ಒಡ್ಡುವ ತಡೆಯನ್ನು ತೆಗೆದು, ಉಳಿದದ್ದನ್ನು ಅದರಿಂದಲೇ ನಾಶಪಡಿಸುವುದು ಇಮ್ಯುನೊಥೆರಪಿಯ ಉದ್ದೇಶ.

2021ರಲ್ಲಿ ಇಂತಹ ಎರಡು ಪ್ರಯೋಗಗಳ ಫಲಿತಾಂಶಗಳು ಪ್ರಕಟವಾದವು. 709 ರೋಗಿಗಳ ಪ್ರಯೋಗದಲ್ಲಿ ನಿವೊಲುಮ್ಯಾಬ್, ರೋಗ ಮರುಕಳಿಸದ ಮಧ್ಯಮಾಂಕ ಅವಧಿಯನ್ನು 10.8 ತಿಂಗಳಿಂದ 20.8 ತಿಂಗಳಿಗೆ ಹೆಚ್ಚಿಸಿತು. 809 ರೋಗಿಗಳ ಇನ್ನೊಂದರಲ್ಲಿ ಅದೇ ಬಗೆಯ ಅಟೆಜೊಲಿಜುಮ್ಯಾಬ್ ವಿಫಲವಾಯಿತು. ನನಗೆ ಹೆಚ್ಚು ಬೋಧಪ್ರದವೆನಿಸಿದ್ದು ಈ ವೈಫಲ್ಯವೇ. ಅದರಲ್ಲಿ ಭಾಗವಹಿಸಿದ್ದ 581 ಮಂದಿಯ ರಕ್ತವನ್ನು ಲಂಡನ್ನಿನ ಥಾಮಸ್ ಪೌಲ್ಸ್ ಮತ್ತು ಸಂಗಡಿಗರು ಪರಿಶೀಲಿಸಿದಾಗ, ಶೇ 37ರಷ್ಟು ಮಂದಿಯಲ್ಲಿ ಮಾತ್ರ ಗೆಡ್ಡೆಯ ಡಿಎನ್‌ಎ ತುಣುಕುಗಳಿದ್ದವು. ಔಷಧದ ಪ್ರಯೋಜನ ಕಂಡದ್ದು ಅವರಲ್ಲೇ.

ಪಡಿತರ ಚೀಟಿಯ ಫಲಾನುಭವಿಗಳ ಪಟ್ಟಿಗಳೊಡನೆ ವರ್ಷಗಟ್ಟಲೆ ಹೆಣಗಿದವನಿಗೆ ಇದು ಪರಿಚಿತ ಸಮಸ್ಯೆ. ಅಗತ್ಯವಿಲ್ಲದವರಿಗೂ ಹಂಚಿದರೆ ಯೋಜನೆಯ ನಿಜವಾದ ಫಲ ಸರಾಸರಿಯಲ್ಲಿ ಕರಗಿಹೋಗುತ್ತದೆ. ಆದರೆ ಹೆಚ್ಚುವರಿ ಅಕ್ಕಿ ಯಾರ ದೇಹಕ್ಕೂ ಕೇಡು ಮಾಡದು. ಈ ದುಬಾರಿ ಔಷಧ ಕೆಲವರಲ್ಲಿ ಶ್ವಾಸಕೋಶ, ಕರುಳು, ಥೈರಾಯ್ಡ್ ಗ್ರಂಥಿಗಳ ಮೇಲೆಯೇ ನಿರೋಧಕ ವ್ಯವಸ್ಥೆಯನ್ನು ಎತ್ತಿಕಟ್ಟುತ್ತದೆ.

ಆ ಸುಳಿವಿನ ಮೇಲೆ ರೂಪಿಸಿದ ಪ್ರಯೋಗದ ಫಲಿತಾಂಶ 2025ರ ಅಕ್ಟೋಬರಿನಲ್ಲಿ ಹೊರಬಂದಿತು. ಶಸ್ತ್ರಚಿಕಿತ್ಸೆಯ ನಂತರ ಒಂದು ವರ್ಷದವರೆಗೆ ಆಗಾಗ್ಗೆ ರಕ್ತಪರೀಕ್ಷೆ ನಡೆಸಿ, ಡಿಎನ್‌ಎ ಕಂಡ 250 ಮಂದಿಯಲ್ಲಿ ಕೆಲವರಿಗೆ ಅಟೆಜೊಲಿಜುಮ್ಯಾಬ್, ಉಳಿದವರಿಗೆ ಹುಸಿ ಔಷಧ ಕೊಡಲಾಯಿತು. ಬದುಕುಳಿದ ಮಧ್ಯಮಾಂಕ ಅವಧಿ ಔಷಧ ಪಡೆದವರಲ್ಲಿ 32.8 ತಿಂಗಳು, ಪಡೆಯದವರಲ್ಲಿ 21.1. ಪರೀಕ್ಷೆಯಲ್ಲಿ ಡಿಎನ್‌ಎ ಕಾಣಿಸಿಕೊಳ್ಳದೆ, ಔಷಧವಿಲ್ಲದೆಯೇ ಇದ್ದ 357 ಮಂದಿಯಲ್ಲಿ ಎರಡು ವರ್ಷಗಳ ನಂತರವೂ ಸುಮಾರು ಶೇ 88ರಷ್ಟು ಮಂದಿ ರೋಗಮುಕ್ತರಾಗಿದ್ದರು.

ಇಷ್ಟರಿಂದಲೇ ಎರಡನೆಯ ಗುಂಪಿಗೆ ಔಷಧ ಬೇಡವೆಂದು ತೀರ್ಮಾನಿಸುವುದು ಅವಸರವಾದೀತು. ಅವರಲ್ಲಿ ಔಷಧ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿಲ್ಲ. ಉಳಿದ ಶೇ 12ರಷ್ಟು ಮಂದಿಯನ್ನು ಮರೆಯುವಂತೆಯೂ ಇಲ್ಲ. ಅಮೆರಿಕದಲ್ಲಿ ಆರಂಭವಾದ ‘ಮಾಡರ್ನ್’ ಎಂಬ ಪ್ರಯೋಗ ಕೇಳಿರುವುದು ಇದೇ ಪ್ರಶ್ನೆಯನ್ನು: ಡಿಎನ್‌ಎ ಕಾಣದವರಲ್ಲಿ ಒಂದು ಗುಂಪಿಗೆ ಕೂಡಲೇ ನಿವೊಲುಮ್ಯಾಬ್, ಮತ್ತೊಂದು ಗುಂಪಿಗೆ ಡಿಎನ್‌ಎ ಕಾಣಿಸಿಕೊಂಡರೆ ಮಾತ್ರ.