ಅತೀಂದ್ರಿಯ ಶಕ್ತಿಗೆ ಒರೆಗಲ್ಲು

ಅಲೌಕಿಕ ಶಕ್ತಿಗಳನ್ನು ಪಡೆದ ಹುಡುಗ ಹುಡುಗಿಯರು ಒಂದು ಶಾಲೆಯಲ್ಲಿ ಸೇರಿ ಕಲಿಯುವ ಕಥೆಗಳು ಇಂದು ಲೋಕದಾದ್ಯಂತ ತರುಣರ ಮನಸ್ಸನ್ನು ಸೆಳೆದಿವೆ. 1963ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಎಕ್ಸ್-ಮೆನ್’ ಚಿತ್ರಕಥೆಯ ನಾಯಕರು ಇಂಥ ಶಾಲೆಯೊಂದರ ವಿದ್ಯಾರ್ಥಿಗಳು. ಜೆ. ಕೆ. ರೌಲಿಂಗ್ ಅವರು 1997ರಿಂದ 2007ರವರೆಗೆ ಏಳು ಸಂಪುಟಗಳಲ್ಲಿ ಹೊರತಂದ ‘ಹ್ಯಾರಿ ಪಾಟರ್’ ಮಾಲೆಯೂ ಮಾಂತ್ರಿಕ ಶಾಲೆಯ ಕಥೆಯೇ. ಇಂಥ ಕಥೆಗಳಲ್ಲಿ ಒಬ್ಬನು ಪರರ ಮನಸ್ಸನ್ನು ಓದಬಲ್ಲನು; ಇನ್ನೊಬ್ಬಳು ಮುಟ್ಟದೆಯೇ ವಸ್ತುಗಳನ್ನು ಚಲಿಸಬಲ್ಲಳು. ಕಥೆಯೆಂದು ತಿಳಿದು ಓದಿದರೆ ಇವುಗಳಿಂದ ಸಂತೋಷವೇ ಹೊರತು ಹಾನಿಯಿಲ್ಲ. ಆದರೆ ಇಂಥ ಶಕ್ತಿಗಳು ನಿಜವಾಗಿಯೂ ಕೆಲವರಿಗೆ ಉಂಟೇ? ಉಂಟೆಂದು ಯಾರಾದರೂ ಹೇಳಿದರೆ ಅದನ್ನು ಪರೀಕ್ಷಿಸುವ ಬಗೆ ಯಾವುದು? ಈ ಪ್ರಶ್ನೆಗಳನ್ನು ವಿಜ್ಞಾನದ ದೃಷ್ಟಿಯಿಂದ ಪರಿಶೀಲಿಸೋಣ.

ಮನುಷ್ಯನಿಗಿಲ್ಲದ ಇಂದ್ರಿಯಶಕ್ತಿಗಳು ಇತರ ಪ್ರಾಣಿಗಳಲ್ಲಿ ಇರುವುದುಂಟು. ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳನ್ನು ಜೇನುನೊಣವು ಕಾಣುತ್ತದೆ. ನಮ್ಮ ಕಿವಿಗೆ ಕೇಳಿಸದ ಧ್ವನಿಯ ಪ್ರತಿಧ್ವನಿಯಿಂದ ಬಾವಲಿಯು ಕತ್ತಲೆಯಲ್ಲಿ ದಾರಿಯನ್ನು ಅರಿಯುತ್ತದೆ. ಶಾರ್ಕ್ ಮೀನು ತನ್ನ ಬೇಟೆಯ ದೇಹದಿಂದ ಹೊಮ್ಮುವ ಅತ್ಯಲ್ಪ ವಿದ್ಯುತ್ತನ್ನು ಗುರುತಿಸಬಲ್ಲದು. ಆದರೆ ಈ ಮೂರರಲ್ಲಿಯೂ ಸುದ್ದಿಯನ್ನು ಹೊತ್ತು ತರುವ ಒಂದು ಭೌತಿಕ ಮಾಧ್ಯಮವಿದೆ. ಅದನ್ನು ಗ್ರಹಿಸುವ ಒಂದು ಅಂಗವೂ ಇದೆ. ಆದುದರಿಂದ ಹೊಸ ಶಕ್ತಿಯೊಂದರ ಮಾತು ಕಿವಿಗೆ ಬಿದ್ದಾಗ ವಿಜ್ಞಾನಿಯು ಅದನ್ನು ಕೇಳಿದೊಡನೆ ನಗೆಯಾಡಿ ತಳ್ಳಿಬಿಡುವುದಿಲ್ಲ. ಕೇಳಿದೊಡನೆ ನಂಬುವುದೂ ಇಲ್ಲ. ಪರೀಕ್ಷೆಗೆ ತೊಡಗುತ್ತಾನೆ.

ಇಂಥ ಪರೀಕ್ಷೆಗಳಲ್ಲಿ ಹೆಸರಾದವು ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದಲ್ಲಿ ಜೆ. ಬಿ. ರೈನ್ ಎಂಬವರು ನಡೆಸಿದ ಪ್ರಯೋಗಗಳು. ಅವರು ಅಲ್ಲಿನ ವಿದ್ಯಾರ್ಥಿಗಳನ್ನೇ ಪರೀಕ್ಷೆಗೆ ಕೂರಿಸಿ, 1934ರಲ್ಲಿ ತಮ್ಮ ಫಲಿತಾಂಶಗಳನ್ನು ಪುಸ್ತಕರೂಪದಲ್ಲಿ ಪ್ರಕಟಿಸಿದರು. ಪ್ರಯೋಗಕ್ಕೆ 25 ಎಲೆಗಳ ಕಟ್ಟೊಂದು ಬೇಕು. ವೃತ್ತ, ಕೂಡುಚಿಹ್ನೆ, ಅಲೆಗೆರೆ, ಚೌಕ, ನಕ್ಷತ್ರ ಎಂಬ ಐದು ಚಿತ್ರಗಳಲ್ಲಿ ಒಂದೊಂದೂ ಐದೈದು ಎಲೆಗಳ ಮೇಲಿರುತ್ತದೆ. ಎಲೆಗಳನ್ನು ಚೆನ್ನಾಗಿ ಕಲಸಿ ಕವುಚಿಟ್ಟ ಮೇಲೆ ಯಾವ ಎಲೆಯಲ್ಲಿ ಯಾವ ಚಿತ್ರವಿದೆಯೆಂದು ಹೇಳಬೇಕು.

ಯಾವ ಶಕ್ತಿಯೂ ಇಲ್ಲದವನು ಸುಮ್ಮನೆ ಊಹಿಸಿದರೂ ಐದರಲ್ಲಿ ಒಂದು ಸರಿಯಾಗುವ ಸಂಭವವಿದೆ. ಎಂದರೆ 25 ಎಲೆಗಳಲ್ಲಿ ಸರಾಸರಿ 5 ಉತ್ತರಗಳು ಸರಿಯಾಗುತ್ತವೆ. ಹಾಗಾದರೆ 10 ಉತ್ತರಗಳನ್ನು ಸರಿಯಾಗಿ ಹೇಳಿದವನಿಗೆ ಅತೀಂದ್ರಿಯ ಶಕ್ತಿ ಇದೆಯೆನ್ನಬಹುದೇ? ಆತುರಪಡಬಾರದು. ಗಣಿತದ ಪ್ರಕಾರ, ಬರಿಯ ಊಹೆಯಿಂದಲೇ 10 ಅಥವಾ ಅದಕ್ಕಿಂತ ಹೆಚ್ಚು ಉತ್ತರಗಳು ಸರಿಯಾಗುವ ಸಂಭವ ನೂರಕ್ಕೆ ಸುಮಾರು 1.7 ಇದೆ. 60 ವಿದ್ಯಾರ್ಥಿಗಳ ತರಗತಿಯನ್ನು ಪರೀಕ್ಷಿಸಿದರೆ ಸರಾಸರಿ ಒಬ್ಬ ‘ಸಿದ್ಧಪುರುಷ’ ಸಿಕ್ಕೇ ಸಿಗುತ್ತಾನೆಂದಾಯಿತು! ಉಳಿದ 59 ಮಂದಿಯನ್ನು ಮರೆತು ಅವನೊಬ್ಬನ ಸುದ್ದಿಯನ್ನೇ ಹರಡಿದರೆ ಊರೆಲ್ಲಾ ನಂಬುತ್ತದೆ. ಆದರೆ ಅವನನ್ನೇ ಮತ್ತೆ ಮತ್ತೆ ಪರೀಕ್ಷಿಸಿದಾಗ ಅವನ ಸರಾಸರಿಯೂ 5ರ ಹತ್ತಿರಕ್ಕೆ ಇಳಿದರೆ, ಮೊದಲಿನದು ಕೇವಲ ಆಕಸ್ಮಿಕವೆಂಬುದು ಸ್ಪಷ್ಟವಾಗುತ್ತದೆ.

ಸಂಖ್ಯೆಗಳಷ್ಟೇ ಸಾಲವು. ರೈನರ ಆರಂಭದ ಎಲೆಗಳಲ್ಲಿ ಕೆಲವನ್ನು ಬೆಳಕಿಗೆ ಹಿಡಿದರೆ ಹಿಂಬದಿಯಿಂದಲೇ ಚಿತ್ರವು ಕಾಣುತ್ತಿತ್ತೆಂದು ವಿಮರ್ಶಕರು ತೋರಿಸಿದರು. ಮಾಮೂಲಿನ ಕಣ್ಣು ಕಿವಿಗಳಿಗೆ ಇರುವ ದಾರಿಗಳನ್ನೆಲ್ಲಾ ಮುಚ್ಚಿದ ಹೊರತು ಅತೀಂದ್ರಿಯದ ಮಾತನ್ನು ಎತ್ತುವಂತಿಲ್ಲ.

ಈ ಎಚ್ಚರಿಕೆಯ ಬೆಲೆಯನ್ನು ತಿಳಿಸುವ ಸ್ವಾರಸ್ಯವಾದ ಪ್ರಸಂಗವೊಂದುಂಟು. 1979ರಲ್ಲಿ ವಿಮಾನೋದ್ಯಮಿ ಜೇಮ್ಸ್ ಮೆಕ್‌ಡೊನೆಲ್ ಅವರು ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯಕ್ಕೆ ಐದು ಲಕ್ಷ ಡಾಲರುಗಳನ್ನು ಇಂಥ ಸಂಶೋಧನೆಗಾಗಿ ಕೊಟ್ಟರು. ಪ್ರಯೋಗಶಾಲೆಯ ಮುಖ್ಯಸ್ಥರು ಪೀಟರ್ ಫಿಲಿಪ್ಸ್ ಎಂಬ ಭೌತವಿಜ್ಞಾನಿ. ಅಲ್ಲಿಗೆ ಬಂದ ಇಬ್ಬರು ಹರೆಯದವರು, ಒಬ್ಬನಿಗೆ 18 ವರ್ಷ, ಮತ್ತೊಬ್ಬನಿಗೆ 17, ಮನೋಬಲದಿಂದ ಚಮಚಗಳನ್ನು ಬಗ್ಗಿಸುವಂತೆಯೂ ಮುಚ್ಚಿದ ಲಕೋಟೆಯೊಳಗಿನ ಚಿತ್ರವನ್ನು ಅರಿಯುವಂತೆಯೂ ತೋರಿಸಿದರು. ವಾಸ್ತವವಾಗಿ ಅವರಿಬ್ಬರೂ ಜೇಮ್ಸ್ ರ‍್ಯಾಂಡಿ ಎಂಬ ಜಾದೂಗಾರನ ಕಡೆಯವರು. ಚಮಚಗಳಿಗೆ ಕಟ್ಟಿದ್ದ ಗುರುತುಚೀಟಿಗಳನ್ನು ಅವರು ಗುಟ್ಟಾಗಿ ಅದಲುಬದಲು ಮಾಡುತ್ತಿದ್ದರು. ಮೊದಲ ಅಳತೆ ಒಂದು ಚಮಚದ್ದು, ಕೊನೆಯ ಅಳತೆ ಮತ್ತೊಂದರದು. ನೋಡಿದವರಿಗೆ ಚಮಚವೇ ಬಗ್ಗಿದಂತೆ! ಲಕೋಟೆಯ ಪಿನ್ನುಗಳನ್ನು ಬಿಡಿಸಿ, ಇಣಿಕಿ, ಮತ್ತೆ ಹಿಂದಿನಂತೆಯೇ ಸೇರಿಸುತ್ತಿದ್ದರು. ಮೋಸಗಳನ್ನು ತಡೆಯುವ ಹನ್ನೊಂದು ಸೂಚನೆಗಳನ್ನು ರ‍್ಯಾಂಡಿ ಮೊದಲೇ ಬರೆದು ಕಳುಹಿಸಿದ್ದನು. ‘ನೀವು ಮೋಸ ಮಾಡುತ್ತಿದ್ದೀರಾ?’ ಎಂದು ಯಾರಾದರೂ ನೇರವಾಗಿ ಕೇಳಿದರೆ ನಿಜವನ್ನೇ ಹೇಳಬೇಕೆಂದು ಹುಡುಗರಿಗೆ ಅಪ್ಪಣೆಯಿತ್ತು. ಯಾರೂ ಕೇಳಲಿಲ್ಲ. ತರುವಾಯ ಪ್ರಯೋಗದ ನಿಯಮಗಳನ್ನು ಬಿಗಿಗೊಳಿಸಿದಾಗ ಹುಡುಗರ ‘ಶಕ್ತಿ’ ಕುಂದಿತು. 1983ರಲ್ಲಿ ಗುಟ್ಟು ಬಯಲಾಯಿತು.

ವಿದ್ವಾಂಸರೇ ಹೀಗೆ ಮೋಸಹೋಗಬಹುದಾದರೆ ತಂದೆತಾಯಿಗಳ ಪಾಡೇನು? ‘ಮಿಡ್‌ಬ್ರೈನ್ ಆಕ್ಟಿವೇಷನ್’ ಎಂಬ ಹೆಸರಿನಿಂದ, ಹಣ ತೆಗೆದುಕೊಂಡು, ಕಣ್ಣು ಕಟ್ಟಿಕೊಂಡು ಓದುವ ವಿದ್ಯೆಯನ್ನು ಶಾಲಾಮಕ್ಕಳಿಗೆ ಕಲಿಸುವೆವೆಂದು ಹೇಳುವ ತರಬೇತಿಗಳು ನಮ್ಮ ದೇಶದಲ್ಲಿಯೂ ನಡೆದಿವೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಅವರು ಇದನ್ನು ಬಹಿರಂಗವಾಗಿ ಖಂಡಿಸಿ ಸವಾಲು ಹಾಕಿದ್ದಾರೆ. ಮಧ್ಯಮಿದುಳು ಎಂಬುದು ಮಿದುಳುಕಾಂಡದ ಮೇಲಿನ ಭಾಗ. ಕಣ್ಣುಗುಡ್ಡೆಗಳ ಚಲನೆ, ಪಾಪೆಯ ಹಿಗ್ಗುಕುಗ್ಗು ಮುಂತಾದವುಗಳಿಗೆ ಅದು ಬೇಕು. ಅದನ್ನು ಹೊಸದಾಗಿ ಎಚ್ಚರಿಸಬೇಕಾದುದಿಲ್ಲ; ಅದು ಹುಟ್ಟಿದಂದಿನಿಂದ ಎಚ್ಚರವಾಗಿಯೇ ಇದೆ.

ಹಾಗಾದರೆ ಮಕ್ಕಳು ಓದುವುದು ಹೇಗೆ? ಬಟ್ಟೆಯನ್ನು ಎಷ್ಟೇ ಬಿಗಿಯಾಗಿ ಕಟ್ಟಿದರೂ ಮೂಗಿನ ಇಕ್ಕೆಲಗಳಲ್ಲಿ ಸಣ್ಣ ಸಂದು ಉಳಿಯುತ್ತದೆ. ಅದರ ಮೂಲಕ ಕೆಳಗಡೆ ಹಿಡಿದ ಪುಸ್ತಕವು ಚೆನ್ನಾಗಿ ಕಾಣುತ್ತದೆ. ವಾಚಕರು ತಾವೇ ಕನ್ನಡಿಯ ಮುಂದೆ ನಿಂತು ಇದನ್ನು ಪರೀಕ್ಷಿಸಬಹುದು. ಪುಸ್ತಕವನ್ನು ತಲೆಯ ಹಿಂದೆ ಹಿಡಿಯಿರಿ, ಅಥವಾ ಗಲ್ಲದ ಕೆಳಗೆ ದಪ್ಪ ರಟ್ಟನ್ನು ಅಡ್ಡವಿಡಿರಿ, ಓದು ನಿಂತುಹೋಗುತ್ತದೆ. ಮಿದುಳೇ ಓದುತ್ತಿದ್ದರೆ ರಟ್ಟು ಅಡ್ಡಿಯಾಗುವುದೇಕೆ?

ಇಲ್ಲಿ ನಷ್ಟವಾಗುವುದು ಹಣವೊಂದೇ ಅಲ್ಲ. ತನಗೆ ಏನೂ ಕಾಣದೆಂದು ನಿಜ ಹೇಳುವ ಮಗು ದಡ್ಡನೆನಿಸಿಕೊಳ್ಳುತ್ತದೆ; ಸಂದಿನಿಂದ ಇಣಿಕಿದ ಮಗು ಜಾಣನೆಂಬ ಹೊಗಳಿಕೆಯನ್ನು ಪಡೆಯುತ್ತದೆ. ಸುಳ್ಳಿಗೆ ಬಹುಮಾನ ಕೊಡುವ ಈ ಶಿಕ್ಷಣಕ್ಕಿಂತ ಕೆಟ್ಟ ಶಿಕ್ಷಣ ಬೇರೊಂದಿಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಿದಾಗ, ಪ್ರಶ್ನಿಸುವುದು ವಿದ್ಯಾವಂತರ ಕರ್ತವ್ಯವೆಂಬುದನ್ನು ಕಾರ್ಯರೂಪದಲ್ಲಿ ತೋರಿಸಿದರು. ಕಥೆಯ ಶಾಲೆಯಲ್ಲಿ ಮಾಯಾಶಕ್ತಿಯೇ ದೊಡ್ಡದಿರಬಹುದು. ನಾವು ಕಲಿಯುವ ಶಾಲೆಯಲ್ಲಿ ಎಲ್ಲರಿಗೂ ದಕ್ಕುವ ಶಕ್ತಿ ಒಂದುಂಟು: ‘ಹೇಗೆ? ತೋರಿಸಿ’ ಎಂದು ವಿನಯದಿಂದ, ಆದರೆ ಅಂಜದೆ ಕೇಳುವುದು.