ಹಳೆಯ ಮೋಟಾರು ಕಾರಿನ ಎಂಜಿನು ಅತಿಯಾಗಿ ಕಾಯುವುದು: ಕಾರಣ ನಿರ್ಣಯದ ಕ್ರಮ

ಮೋಟಾರು ಕಾರಿನ ಎಂಜಿನು ಒಂದು ಉಷ್ಣಯಂತ್ರ. ಇಂಧನವನ್ನು ಉರಿಸಿ ಶಾಖವನ್ನು ಪಡೆದು, ಅದರ ಒಂದಂಶವನ್ನು ಕೆಲಸವಾಗಿ ಪರಿವರ್ತಿಸುವುದೇ ಅದರ ಧರ್ಮ. ಪೆಟ್ರೋಲ್ ಎಂಜಿನಿನಲ್ಲಿ ಹೀಗೆ ಕೆಲಸವಾಗಿ ಮಾರ್ಪಡುವುದು ಸ್ಥೂಲವಾಗಿ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಮಾತ್ರ. ಉಳಿದುದರಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ಹೊಗೆಯ ಕೊಳವೆಯ ಮೂಲಕ ಹೊರಬೀಳುತ್ತದೆ. ಮಿಕ್ಕುದನ್ನು ಬಹುಮಟ್ಟಿಗೆ ಎಂಜಿನಿನ ಸುತ್ತ ಹರಿಯುವ ನೀರೇ ಹೊತ್ತೊಯ್ಯಬೇಕು. ದಹನದ ಕ್ಷಣದಲ್ಲಿ ಸಿಲಿಂಡರಿನೊಳಗಿನ ಅನಿಲದ ಉಷ್ಣತೆ ೨೦೦೦ ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಪಿಸ್ಟನ್ನಿನ ಮುಖ್ಯ ಲೋಹವಾದ ಅಲ್ಯೂಮಿನಿಯಮ್ ೬೬೦ ಡಿಗ್ರಿಯಲ್ಲಿಯೇ ಕರಗುತ್ತದೆ. ಆದರೂ ಪಿಸ್ಟನ್ನು ಕರಗದೆ ಉಳಿದಿರುವುದಕ್ಕೆ ಕಾರಣ ಒಂದೇ: ಶಾಖವು ಬಂದಷ್ಟೇ ವೇಗದಲ್ಲಿ ಹೊರಗೆ ಹೋಗುತ್ತಿರುತ್ತದೆ. ಈ ಸಮತೋಲ ಕೆಟ್ಟಾಗ ಎಂಜಿನು ಅತಿಯಾಗಿ ಕಾಯುತ್ತದೆ.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳುವುದಕ್ಕೆ ಒಂದು ವ್ಯಾವಹಾರಿಕ ಕಾರಣವೂ ಉಂಟು. ನಮ್ಮ ದೇಶದ ಮಧ್ಯಮ ವರ್ಗದವರು ದಶಕಗಳ ಕಾಲ ಆಶ್ರಯಿಸಿದ್ದ ಅಂಬಾಸಡರ್ ಮತ್ತು ಮಾರುತಿ ೮೦೦ ಈ ಎರಡು ಕಾರುಗಳ ತಯಾರಿಕೆಯೂ ೨೦೧೪ರಲ್ಲಿ ನಿಂತುಹೋಯಿತು. ಇಂದು ರಸ್ತೆಯ ಮೇಲೆ ಕಾಣುವ ಇಂತಹ ಕಾರುಗಳೆಲ್ಲ ಹತ್ತು ವರ್ಷಗಳಿಗಿಂತ ಹಳೆಯವು. ಎರಡು ಮೂರು ಕೈ ಬದಲಾಯಿಸಿದವು. ಇಂತಹ ಕಾರನ್ನು ಕೊಂಡ ಅಧ್ಯಾಪಕನಾಗಲಿ ವಿದ್ಯಾರ್ಥಿಯಾಗಲಿ ಮೊದಲು ಎದುರಿಸುವ ತೊಂದರೆಗಳಲ್ಲಿ ಎಂಜಿನು ಕಾಯುವುದೂ ಒಂದು. ಆಗ ಸಾಮಾನ್ಯವಾಗಿ ನಡೆಯುವುದು ಊಹೆಯ ಚಿಕಿತ್ಸೆ: ಮೊದಲು ಥರ್ಮೋಸ್ಟಾಟನ್ನು ಕಿತ್ತುಹಾಕುವುದು, ಅನಂತರ ರೇಡಿಯೇಟರನ್ನು ಬದಲಾಯಿಸುವುದು, ಕೊನೆಗೆ ನೀರಿನ ಪಂಪನ್ನು ಬದಲಾಯಿಸುವುದು. ಹಣ ಕರಗುತ್ತದೆ, ಅಷ್ಟರಲ್ಲಿ ಎಂಜಿನಿನ ತಲೆ ಬಾಗಿರುತ್ತದೆ. ‘ಯಾವ ಭಾಗ ಕೆಟ್ಟಿದೆ?’ ಎಂದು ಕೇಳುವುದಕ್ಕೆ ಮುಂಚೆ ‘ಯಾವಾಗ ಕಾಯುತ್ತದೆ?’ ಎಂದು ಕೇಳಿದರೆ ಈ ನಷ್ಟದ ಬಹುಭಾಗವನ್ನು ತಪ್ಪಿಸಬಹುದೆಂಬುದೇ ಈ ಲೇಖನದ ಪ್ರತಿಪಾದನೆ.

೧. ನೀರಿನ ಹಾದಿ

ಸಿಲಿಂಡರುಗಳ ಸುತ್ತಲೂ ಅವುಗಳ ತಲೆಯೊಳಗೂ ನೀರು ಹರಿಯುವ ಟೊಳ್ಳುಗಳಿವೆ, ಇದನ್ನು ಜಲಕವಚವೆನ್ನಬಹುದು. ಎಂಜಿನಿನಿಂದಲೇ ಚಲನೆ ಪಡೆಯುವ ಪಂಪು ನೀರನ್ನು ಜಲಕವಚದೊಳಕ್ಕೆ ತಳ್ಳುತ್ತದೆ. ಕಾದ ನೀರು ಥರ್ಮೋಸ್ಟಾಟನ್ನು ದಾಟಿ ಮೇಲಿನ ರಬ್ಬರು ಕೊಳವೆಯ ಮೂಲಕ ರೇಡಿಯೇಟರಿಗೆ ಬರುತ್ತದೆ. ಅಲ್ಲಿಯ ಸಣ್ಣ ನಾಳಗಳಲ್ಲಿ ಹರಿಯುವಾಗ ಗಾಳಿಗೆ ಶಾಖವನ್ನು ಬಿಟ್ಟುಕೊಟ್ಟು, ಕೆಳಗಿನ ಕೊಳವೆಯ ಮೂಲಕ ಪಂಪಿಗೆ ಹಿಂದಿರುಗುತ್ತದೆ. ಕಾರು ವೇಗವಾಗಿ ಓಡುವಾಗ ಎದುರುಗಾಳಿಯೇ ಸಾಕು. ನಿಂತಾಗ ಅಥವಾ ತೆವಳುವಾಗ ಬೀಸಣಿಗೆಯ ನೆರವು ಬೇಕು. ಅಂಬಾಸಡರಿನ ಹಳೆಯ ಮಾದರಿಗಳಲ್ಲಿ ಬೀಸಣಿಗೆಯನ್ನು ತಿರುಗಿಸುವುದು ಪಟ್ಟಿ. ಮಾರುತಿ ೮೦೦ರಲ್ಲಿ ವಿದ್ಯುತ್ ಮೋಟಾರು.

ಥರ್ಮೋಸ್ಟಾಟಿನೊಳಗೆ ಒಂದು ಬಗೆಯ ಮೇಣವಿದೆ. ಸುಮಾರು ೮೦ ಡಿಗ್ರಿಯ ಆಸುಪಾಸಿನಲ್ಲಿ ಅದು ಕರಗಿ ಹಿಗ್ಗಿ ಕವಾಟವನ್ನು ತೆರೆಯುತ್ತದೆ. ಅಲ್ಲಿಯವರೆಗೆ ನೀರು ರೇಡಿಯೇಟರಿಗೆ ಹೋಗದೆ ಎಂಜಿನಿನೊಳಗೇ ಸುತ್ತುವುದರಿಂದ ಎಂಜಿನು ಬೇಗ ಹದವಾದ ಉಷ್ಣತೆಗೆ ಬರುತ್ತದೆ. ರೇಡಿಯೇಟರಿನ ಮುಚ್ಚಳವೂ ಬರಿಯ ಮುಚ್ಚಳವಲ್ಲ, ಅದೊಂದು ಒತ್ತಡದ ಕವಾಟ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರು ಎತ್ತರದಲ್ಲಿದೆ. ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು ೯೭ ಡಿಗ್ರಿಯಲ್ಲಿಯೂ, ಊಟಿಯಲ್ಲಿ ಸುಮಾರು ೯೩ ಡಿಗ್ರಿಯಲ್ಲಿಯೂ ಕುದಿಯುತ್ತದೆ. ಹೊರಗಿನ ವಾಯುವಿನ ಒತ್ತಡಕ್ಕೆ ಇನ್ನೊಂದು ವಾಯುಮಂಡಲದ ಒತ್ತಡ ಸೇರಿದರೆ ಕುದಿಯುವ ಬಿಂದು ೧೨೦ ಡಿಗ್ರಿಯ ಸಮೀಪಕ್ಕೆ ಏರುತ್ತದೆ. ಆದುದರಿಂದ ಮುಚ್ಚಳದ ಸ್ಪ್ರಿಂಗು ಸಡಿಲವಾಗಿದ್ದರೆ, ಬೇರೆಲ್ಲ ಭಾಗಗಳೂ ಸರಿಯಿದ್ದರೂ ನೀರು ಅಕಾಲದಲ್ಲಿ ಕುದಿದು ಹೊರಚೆಲ್ಲುತ್ತದೆ. ಕಡಮೆ ಬೆಲೆಯ ಈ ಮುಚ್ಚಳವನ್ನು ಪರೀಕ್ಷಿಸದೆ ದೊಡ್ಡ ದುರಸ್ತಿಗೆ ತೊಡಗುವುದು ಸಲ್ಲದು.

೨. ಮೊದಲು ಸಾಕ್ಷಿಯ ಪರೀಕ್ಷೆ

ಎಂಜಿನು ಕಾಯುತ್ತಿದೆಯೆಂದು ನಮಗೆ ಹೇಳುವುದು ಒಂದು ಮುಳ್ಳು. ಆ ಮುಳ್ಳು ನಿಜ ಹೇಳುತ್ತಿದೆಯೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಸಂವೇದಕದ ತಂತಿಯ ಹೊದಿಕೆ ಸವೆದು ಕಾರಿನ ಮೈಗೆ ತಗುಲಿದರೆ, ಹಲವು ಹಳೆಯ ಕಾರುಗಳಲ್ಲಿ ಮುಳ್ಳು ತಣ್ಣನೆಯ ಎಂಜಿನಿನಲ್ಲಿಯೂ ಕೊನೆಯವರೆಗೆ ಏರುತ್ತದೆ. ಪೆಟ್ರೋಲಿನ ಮುಳ್ಳೂ ಶಾಖದ ಮುಳ್ಳೂ ಏಕಕಾಲದಲ್ಲಿ ಅತಿಯಾಗಿ ತೋರಿಸಿದರೆ, ಎರಡಕ್ಕೂ ವಿದ್ಯುತ್ತನ್ನು ಹದವಾಗಿ ಒದಗಿಸುವ ಉಪಕರಣವನ್ನು ಶಂಕಿಸಬೇಕು.

ಇದಕ್ಕೆ ವಿಪರ್ಯಯವಾದ ಸುಳ್ಳು ಹೆಚ್ಚು ಅಪಾಯಕರ. ಸಂವೇದಕವು ಅಳೆಯುವುದು ತನ್ನನ್ನು ಮುಟ್ಟುವ ನೀರಿನ ಉಷ್ಣತೆಯನ್ನು. ನೀರು ಸೋರಿಹೋಗಿ ಸಂವೇದಕದ ಸುತ್ತ ಬರಿಯ ಗಾಳಿ ನಿಂತರೆ, ಎಂಜಿನು ಸುಡುತ್ತಿರುವಾಗಲೂ ಮುಳ್ಳು ಕೆಳಗಿಳಿಯಬಹುದು. ಏರಿದ ಮುಳ್ಳು ತಟ್ಟನೆ ಇಳಿದುದನ್ನು ಕಂಡು ಸಮಾಧಾನಪಟ್ಟು ಕಾರನ್ನು ಮುಂದೆ ಓಡಿಸುವವನು ಎಂಜಿನನ್ನೇ ಕಳೆದುಕೊಳ್ಳುವ ಸಂಭವವುಂಟು. ಆದಕಾರಣ, ತಣ್ಣಗಿರುವಾಗ ನೀರಿನ ಮಟ್ಟವನ್ನು ಕಣ್ಣಾರೆ ನೋಡುವುದು, ಮತ್ತು ಮುಟ್ಟದೆ ಅಳೆಯುವ ಅವಕೆಂಪು ಉಷ್ಣಮಾಪಕದಿಂದ ಥರ್ಮೋಸ್ಟಾಟಿನ ಕವಚದ ಉಷ್ಣತೆಯನ್ನು ತಾಳೆನೋಡುವುದು ಪರೀಕ್ಷೆಯ ಮೊದಲ ಹೆಜ್ಜೆ.

೩. ಕಾಲ ಸಂದರ್ಭಗಳಿಂದ ಕಾರಣವನ್ನು ಊಹಿಸುವುದು

ನಮ್ಮ ತರ್ಕಶಾಸ್ತ್ರದಲ್ಲಿ ಅನ್ವಯ ವ್ಯತಿರೇಕವೆಂಬ ಕ್ರಮ ಪ್ರಸಿದ್ಧವಾಗಿದೆ: ಒಂದು ಇದ್ದಾಗ ಇನ್ನೊಂದು ಇರುವುದು ಅನ್ವಯ, ಅದು ಇಲ್ಲದಾಗ ಇದೂ ಇಲ್ಲದಿರುವುದು ವ್ಯತಿರೇಕ. ಎಂಜಿನಿನ ವಿಚಾರದಲ್ಲಿ ಈ ಕ್ರಮ ಬಹಳ ಫಲಕಾರಿ. ನಾಲ್ಕು ಸಂದರ್ಭಗಳನ್ನು ಬೇರ್ಪಡಿಸಿ ನೋಡೋಣ.

ಮೊದಲನೆಯದು, ಊರೊಳಗಿನ ಸಂದಣಿಯಲ್ಲಿ ಕಾದು, ಹೆದ್ದಾರಿಯಲ್ಲಿ ವೇಗ ಪಡೆದೊಡನೆ ತಣಿಯುವುದು. ಇಲ್ಲಿ ನೀರಿನ ಹರಿವು ಸರಿಯಿದೆ, ಗಾಳಿ ಸಾಲದು ಎಂಬುದು ಸ್ಪಷ್ಟ. ದೋಷ ಬೀಸಣಿಗೆಯದು. ವಿದ್ಯುತ್ ಬೀಸಣಿಗೆಯಾದರೆ ಮೋಟಾರಿಗೆ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ತನ್ನು ಕೊಟ್ಟು ನೋಡಬೇಕು. ತಿರುಗಿದರೆ ಮೋಟಾರು ಸರಿಯಾಗಿದೆ, ಸ್ವಿಚ್ಚು, ರಿಲೇ, ಫ್ಯೂಸು ಇವುಗಳಲ್ಲೊಂದು ಕೆಟ್ಟಿದೆ. ಪಟ್ಟಿಯ ಬೀಸಣಿಗೆಯಾದರೆ ಪಟ್ಟಿಯ ಬಿಗಿಯನ್ನು ನೋಡಬೇಕು. ಅಂಬಾಸಡರಿನಂತಹ ಕಾರುಗಳಲ್ಲಿ ಪಂಪು ತಿರುಗುವುದೂ ಅದೇ ಪಟ್ಟಿಯಿಂದ. ಆದುದರಿಂದ ಪಟ್ಟಿ ಜಾರಿದರೆ ಗಾಳಿಯೂ ನೀರೂ ಒಟ್ಟಿಗೆ ಕುಗ್ಗುತ್ತವೆ.

ಎರಡನೆಯದು, ಊರೊಳಗೆ ಸರಿಯಾಗಿದ್ದು ಹೆದ್ದಾರಿಯ ವೇಗದಲ್ಲಿ ಕಾಯುವುದು. ಗಾಳಿ ಯಥೇಷ್ಟವಾಗಿದೆ, ಶಾಖದ ಉತ್ಪತ್ತಿಯೂ ಹೆಚ್ಚಾಗಿದೆ. ಹೊರಸಾಗಿಸುವ ಶಕ್ತಿ ಸಾಲದಾಗಿದೆ. ರೇಡಿಯೇಟರಿನ ನಾಳಗಳು ಕಟ್ಟಿಕೊಂಡಿರಬಹುದು, ಪಂಪಿನ ರೆಕ್ಕೆಗಳು ತುಕ್ಕು ಹಿಡಿದು ಸವೆದಿರಬಹುದು, ಅಥವಾ ಮೆತ್ತಗಾದ ಕೆಳಗಿನ ಕೊಳವೆ ಪಂಪಿನ ಹೀರುವಿಕೆಗೆ ಒಳಕುಸಿದು ಹಾದಿಯನ್ನು ಮುಚ್ಚುತ್ತಿರಬಹುದು. ಈ ಕೊನೆಯ ದೋಷ ಎಂಜಿನು ನಿಂತಾಗ ಕಣ್ಣಿಗೆ ಬೀಳದು. ಬಾನೆಟ್ಟು ತೆರೆದು ವೇಗವನ್ನು ಏರಿಸಿ ನೋಡಿದರೆ ಮಾತ್ರ ಕಂಡೀತು.

ಮೂರನೆಯದು, ತಣ್ಣನೆಯ ಎಂಜಿನನ್ನು ಚಾಲೂ ಮಾಡಿದ ಸ್ವಲ್ಪ ಹೊತ್ತಿನಲ್ಲಿಯೇ ಕಾಯುವುದು. ಎಂಜಿನು ಬಿಸಿಯಾಗಿದ್ದು ಮೇಲಿನ ಕೊಳವೆ ತಣ್ಣಗಿದ್ದರೆ ಥರ್ಮೋಸ್ಟಾಟು ಮುಚ್ಚಿದಂತೆಯೇ ಸಿಕ್ಕಿಕೊಂಡಿದೆ, ಅಥವಾ ನೀರು ತುಂಬುವಾಗ ಒಳಗೆ ಗಾಳಿ ಉಳಿದುಕೊಂಡಿದೆ. ಥರ್ಮೋಸ್ಟಾಟನ್ನು ತೆಗೆದು ಉಷ್ಣಮಾಪಕದೊಡನೆ ನೀರಿನ ಪಾತ್ರೆಯಲ್ಲಿ ಕಾಯಿಸಿದರೆ ಸಂದೇಹ ಪರಿಹಾರವಾಗುತ್ತದೆ.

ನಾಲ್ಕನೆಯದು, ಹೊರಗೆ ಎಲ್ಲಿಯೂ ಸೋರದೆ ನೀರು ಕಡಮೆಯಾಗುತ್ತ ಹೋಗುವುದು. ಇದನ್ನು ಮುಂದೆ ಪ್ರತ್ಯೇಕವಾಗಿ ವಿಚಾರಿಸಲಾಗಿದೆ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಆಗುಂಬೆಯ ಘಟ್ಟವನ್ನು ಏರುವಾಗ ಕಾರು ಕಾದಿತೆಂಬ ಒಂದೇ ಸಂಗತಿಯಿಂದ ಏನನ್ನೂ ನಿರ್ಣಯಿಸಲಾಗದು. ಘಟ್ಟದಲ್ಲಿ ವೇಗ ಕಡಮೆ, ಹೊರೆ ಹೆಚ್ಚು. ಗಾಳಿಯ ಕೊರತೆ, ಹರಿವಿನ ಕೊರತೆ ಎರಡೂ ಅಲ್ಲಿ ಒಟ್ಟಿಗೆ ಪ್ರಕಟವಾಗುತ್ತವೆ. ಸಮತಟ್ಟಾದ ರಸ್ತೆಯಲ್ಲಿ ಮೊದಲಿನ ಎರಡು ಸಂದರ್ಭಗಳನ್ನು ಬೇರೆಬೇರೆಯಾಗಿ ಪರೀಕ್ಷಿಸಿದ ಮೇಲೆಯೇ ಘಟ್ಟದ ಸಾಕ್ಷ್ಯಕ್ಕೆ ಅರ್ಥ ಬರುತ್ತದೆ.

೪. ಒಂದು ಸರಳ ಲೆಕ್ಕ

ಹರಿವಿನ ಕೊರತೆಯನ್ನು ಅಂಕಿಗಳಿಂದಲೂ ಗುರುತಿಸಬಹುದು. ನೀರು ಒಂದು ಸೆಕೆಂಡಿನಲ್ಲಿ ಹೊತ್ತೊಯ್ಯುವ ಶಾಖವು ಹರಿವಿನ ರಾಶಿ, ವಿಶಿಷ್ಟೋಷ್ಣ, ಉಷ್ಣತೆಯ ಅಂತರ ಈ ಮೂರರ ಗುಣಲಬ್ಧಕ್ಕೆ ಸಮ. ಎಂಜಿನು ನೀರಿಗೆ ೨೦ ಕಿಲೋವಾಟ್ ಶಾಖವನ್ನು ಕೊಡುತ್ತಿದೆಯೆಂದೂ, ನಿಮಿಷಕ್ಕೆ ೪೦ ಲೀಟರು ನೀರು ಸುತ್ತುತ್ತಿದೆಯೆಂದೂ ಭಾವಿಸಿದರೆ, ಮೇಲಿನ ಕೊಳವೆಗೂ ಕೆಳಗಿನ ಕೊಳವೆಗೂ ಇರಬೇಕಾದ ಅಂತರ ಸುಮಾರು ೭ ಡಿಗ್ರಿ. ಹರಿವು ಅರ್ಧವಾದರೆ ಅಂತರ ೧೪ ಡಿಗ್ರಿಯಾಗುತ್ತದೆ. ಹರಿವು ಸರಿಯಾಗಿದ್ದು ಗಾಳಿ ಮಾತ್ರ ಕಡಮೆಯಾದರೆ, ಅಂತರ ಸಣ್ಣದಾಗಿಯೇ ಉಳಿದು ಎರಡು ಕೊಳವೆಗಳೂ ಒಟ್ಟಿಗೆ ಬಿಸಿಯೇರುತ್ತವೆ. ಥರ್ಮೋಸ್ಟಾಟು ಪೂರ್ಣವಾಗಿ ತೆರೆದ ಮೇಲೆ ಎರಡು ಕೊಳವೆಗಳನ್ನೂ ಅಳೆಯುವ ಈ ಪರೀಕ್ಷೆ ಯಾವ ಭಾಗವನ್ನೂ ಬಿಚ್ಚದೆ ನೀರಿನ ದೋಷವನ್ನೂ ಗಾಳಿಯ ದೋಷವನ್ನೂ ಬೇರ್ಪಡಿಸಲು ನೆರವಾಗುತ್ತದೆ. ರೇಡಿಯೇಟರಿನ ಮೈಯಲ್ಲಿ ಅಲ್ಲಲ್ಲಿ ತಣ್ಣನೆಯ ಪಟ್ಟೆಗಳು ಕಂಡುಬಂದರೆ ಆ ನಾಳಗಳಲ್ಲಿ ನೀರು ಹರಿಯುತ್ತಿಲ್ಲವೆಂದು ತಿಳಿಯಬೇಕು.

ನಾಳಗಳು ಕಟ್ಟಿಕೊಳ್ಳುವುದಕ್ಕೆ ನಮ್ಮಲ್ಲಿ ಸಾಮಾನ್ಯ ಕಾರಣ ಕೊಳವೆಬಾವಿಯ ಗಡಸು ನೀರು. ಅದರಲ್ಲಿ ಕರಗಿರುವ ಕ್ಯಾಲ್ಸಿಯಮ್ ಬೈಕಾರ್ಬೊನೇಟು ಕಾದಾಗ ವಿಭಜನೆಗೊಂಡು ಸುಣ್ಣದ ಪೊರೆಯಾಗಿ ಒಳಗೋಡೆಗಳಿಗೆ ಅಂಟುತ್ತದೆ. ನೀರು ಕಾಯಿಸುವ ಹಂಡೆಯ ತಳದಲ್ಲಿ ನಾವೆಲ್ಲರೂ ಕಂಡಿರುವುದು ಇದನ್ನೇ. ಈ ಪೊರೆ ಲೋಹಕ್ಕಿಂತ ಹಲವು ಪಟ್ಟು ಕಡಮೆ ಉಷ್ಣವಾಹಕ. ಖನಿಜವಿಲ್ಲದ ನೀರಿಗೆ ತುಕ್ಕುನಿರೋಧಕವುಳ್ಳ ಗ್ಲೈಕಾಲನ್ನು ಬೆರೆಸಿ ಬಳಸಬೇಕೆಂಬ ನಿಯಮ ಚಳಿಯ ದೇಶಗಳಿಗೆ ಮಾತ್ರ ಅನ್ವಯಿಸುವುದೆಂಬ ಭಾವನೆ ತಪ್ಪು.

‘ಬಿಸಿಲಿನ ನಾಡಿಗೆ ಥರ್ಮೋಸ್ಟಾಟು ಬೇಡ’ ಎಂಬುದು ಇನ್ನೊಂದು ರೂಢಿಯ ಮಾತು. ಅನೇಕ ಎಂಜಿನುಗಳಲ್ಲಿ ಥರ್ಮೋಸ್ಟಾಟು ತೆರೆದುಕೊಳ್ಳುವಾಗ ಒಳಸುತ್ತಿನ ಹಾದಿಯನ್ನು ಮುಚ್ಚುತ್ತದೆ. ಅದನ್ನು ಕಿತ್ತುಹಾಕಿದರೆ ಆ ಹಾದಿ ಸದಾ ತೆರೆದಿದ್ದು, ಬಿಸಿನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆಯೇ ಹಿಂದಿರುಗುತ್ತದೆ. ಔಷಧವೇ ರೋಗವಾಗುವುದೆಂದರೆ ಇದು.

೫. ಕಾರಣ ಮತ್ತು ಕಾರ್ಯ ಒಂದನ್ನೊಂದು ಬೆಳೆಸುವುದು

ಸಿಲಿಂಡರುಗಳಿಗೂ ತಲೆಗೂ ನಡುವೆ ಇರುವ ಗ್ಯಾಸ್ಕೆಟು ದಹನದ ಅನಿಲವನ್ನೂ ನೀರನ್ನೂ ಬೇರ್ಪಡಿಸಿರುತ್ತದೆ. ಅದು ಒಡೆದರೆ ನೀರು ಸಿಲಿಂಡರನ್ನು ಸೇರಿ ಬಿಳಿಯ ಆವಿಯಾಗಿ ಹೊರಹೋಗುತ್ತದೆ, ಅಥವಾ ಎಣ್ಣೆಯೊಡನೆ ಬೆರೆತು ಅದನ್ನು ಹಾಲಿನಂತೆ ಮಾಡುತ್ತದೆ. ಅನಿಲ ನೀರನ್ನು ಸೇರಿ, ಚಾಲೂ ಮಾಡಿದ ಒಂದೆರಡು ನಿಮಿಷಗಳಲ್ಲಿಯೇ, ನೀರಿನ್ನೂ ಕಾಯುವ ಮೊದಲೇ, ಮೇಲಿನ ಕೊಳವೆ ಬಿಗಿದು ಕಲ್ಲಾಗುತ್ತದೆ. ಇದರ ನಿಶ್ಚಿತ ಪರೀಕ್ಷೆ ರಸಾಯನಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತವೇ. ರೇಡಿಯೇಟರಿನ ಬಾಯಿಯ ಬಳಿಯ ಗಾಳಿಯನ್ನು ಬ್ರೋಮೋಥೈಮಾಲ್ ನೀಲಿಯ ದ್ರಾವಣದ ಮೂಲಕ ಎಳೆಯುತ್ತಾರೆ. ದಹನದಿಂದ ಬಂದ ಇಂಗಾಲದ ಡೈಆಕ್ಸೈಡು ಅದರಲ್ಲಿದ್ದರೆ ನೀಲಿ ಬಣ್ಣ ಹಳದಿಗೆ ತಿರುಗುತ್ತದೆ.

ಗ್ಯಾಸ್ಕೆಟು ಒಡೆಯುವುದಕ್ಕೆ ಮುಖ್ಯ ಕಾರಣ ಎಂಜಿನು ಮೊದಲೊಮ್ಮೆ ಕಾದುದೇ. ಅಲ್ಯೂಮಿನಿಯಮ್ ಎರಕದ ಕಬ್ಬಿಣಕ್ಕಿಂತ ಸುಮಾರು ಇಮ್ಮಡಿ ಹಿಗ್ಗುತ್ತದೆ. ೪೦ ಸೆಂಟಿಮೀಟರು ಉದ್ದದ ಅಲ್ಯೂಮಿನಿಯಮ್ ತಲೆ ೧೦೦ ಡಿಗ್ರಿ ಹೆಚ್ಚು ಕಾದರೆ ೦.೯ ಮಿಲಿಮೀಟರಿನಷ್ಟು ಹಿಗ್ಗಲು ಯತ್ನಿಸುತ್ತದೆ. ಕೆಳಗಿನ ಕಬ್ಬಿಣ ಅದರ ಅರ್ಧದಷ್ಟು ಮಾತ್ರ. ಬೋಲ್ಟುಗಳಿಂದ ಬಿಗಿದ ತಲೆಗೆ ಬಾಗುವುದೊಂದೇ ದಾರಿ. ಆ ಮುಖದ ಸಪಾಟುತನದಲ್ಲಿ ಸಾಮಾನ್ಯವಾಗಿ ಒಪ್ಪುವ ವ್ಯತ್ಯಾಸವಾದರೋ ೦.೦೫ ಮಿಲಿಮೀಟರಿನಷ್ಟೇ. ಹೀಗೆ ಕಾಯುವುದರಿಂದ ಗ್ಯಾಸ್ಕೆಟು ಒಡೆಯುತ್ತದೆ. ಒಡೆದ ಗ್ಯಾಸ್ಕೆಟಿನಿಂದ ಎಂಜಿನು ಮತ್ತೆ ಕಾಯುತ್ತದೆ. ಗ್ಯಾಸ್ಕೆಟನ್ನು ಬದಲಾಯಿಸಿ, ಮೊದಲು ಕಾದುದೇಕೆಂದು ಕೇಳದಿದ್ದರೆ ಕೆಲವು ತಿಂಗಳುಗಳಲ್ಲಿ ಅದೇ ದುರಸ್ತಿ ಮರಳಿ ಬರುವುದರಲ್ಲಿ ಆಶ್ಚರ್ಯವಿಲ್ಲ. ಹಳೆಯ ಕಾರನ್ನು ಕೊಳ್ಳುವವರು, ತಲೆಯನ್ನು ಹಿಂದೆ ಬಿಚ್ಚಿದ್ದರೆ, ಏಕೆ ಬಿಚ್ಚಿದರೆಂಬ ಪ್ರಶ್ನೆಯನ್ನು ತಪ್ಪದೆ ಕೇಳಬೇಕು.

೬. ದಾರಿಯಲ್ಲಿ ಮಾಡಬೇಕಾದುದು

ಮುಳ್ಳು ಏರಿದೊಡನೆ ಹವಾನಿಯಂತ್ರಣವಿದ್ದರೆ ಅದನ್ನು ನಿಲ್ಲಿಸಿ, ಒಳಗಿನ ಹೀಟರನ್ನು ಪೂರ್ಣವಾಗಿ ತೆರೆಯಬೇಕು; ಹೀಟರೆಂಬುದು ಇನ್ನೊಂದು ಸಣ್ಣ ರೇಡಿಯೇಟರೇ. ಆದರೂ ಇಳಿಯದಿದ್ದರೆ ಕಾರನ್ನು ನಿಲ್ಲಿಸಿ ಎಂಜಿನನ್ನು ಆರಿಸಬೇಕು. ಊರು ಇನ್ನೆರಡೇ ಮೈಲಿಯೆಂದು ಓಡಿಸುವುದು ಒಂದು ಕೊಳವೆಯ ಬೆಲೆಯನ್ನು ಉಳಿಸಲು ಎಂಜಿನಿನ ಬೆಲೆಯನ್ನು ತೆತ್ತಂತೆ.

ಬಿಸಿಯಾಗಿರುವಾಗ ಮುಚ್ಚಳವನ್ನು ತೆರೆಯಲೇಬಾರದು. ೧೧೦ ಡಿಗ್ರಿಯ ೫ ಲೀಟರು ನೀರಿನ ಮೇಲಿನ ಒತ್ತಡ ತಟ್ಟನೆ ಕಳಚಿದರೆ ಸುಮಾರು ೯೦ ಗ್ರಾಮ್ ನೀರು ಆ ಕ್ಷಣದಲ್ಲಿಯೇ ಆವಿಯಾಗುತ್ತದೆ. ಆ ಆವಿಯ ಗಾತ್ರ ಸುಮಾರು ೧೫೦ ಲೀಟರು. ಅದು ಕುದಿನೀರನ್ನು ತನ್ನೊಡನೆ ಎತ್ತಿಕೊಂಡು ತೆರೆದವನ ಮುಖಕ್ಕೆ ಎರಚುತ್ತದೆ. ಅರ್ಧ ಗಂಟೆಗೆ ಕಡಮೆಯಿಲ್ಲದೆ ಕಾಯಬೇಕು. ಮೇಲಿನ ಕೊಳವೆ ಕೈಗೆ ತಣ್ಣಗಾಗಿ ಮೆತ್ತಗಾದ ಮೇಲೆ ತೆರೆಯಬೇಕು. ಕಾದ ಎಂಜಿನಿಗೆ ತಣ್ಣೀರನ್ನು ಸುರಿದರೆ ಲೋಹ ಬಿರಿಯುವುದುಂಟು.

ಆ ಅರ್ಧ ಗಂಟೆಯನ್ನು ವ್ಯರ್ಥವೆಂದು ಭಾವಿಸಬೇಕಾಗಿಲ್ಲ. ಎಷ್ಟು ಹೊತ್ತಿನಲ್ಲಿ ಕಾದಿತು, ವೇಗವೆಷ್ಟಿತ್ತು, ಬೀಸಣಿಗೆ ತಿರುಗುತ್ತಿತ್ತೆ, ಮುಳ್ಳು ಮೆಲ್ಲನೆ ಏರಿತೆ ತಟ್ಟನೆ ಏರಿತೆ, ಕೊನೆಯ ಸಲ ನೀರು ತುಂಬಿದುದು ಎಂದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ದುರಸ್ತಿ ಮಾಡುವವನ ಕೈಗೆ ಕೊಟ್ಟರೆ, ಅವನು ಊಹೆಯಿಂದ ಬಿಚ್ಚಬೇಕಾಗಿದ್ದ ಅನೇಕ ಭಾಗಗಳು ಬಿಚ್ಚದೆಯೇ ಉಳಿಯುತ್ತವೆ. ಎಚ್ಚರಿಕೆಯಿಂದ ಗಮನಿಸಿದ ಮಾಲೀಕನು ಅರ್ಧದಷ್ಟು ಪರೀಕ್ಷೆಯನ್ನು ತಾನೇ ಮುಗಿಸಿರುತ್ತಾನೆ.