ಒಂದು ತಲೆಗೆ ಎಷ್ಟು ಮೈಸೂರು ಜಿಲ್ಲೆ?

2011ರ ಜನಗಣತಿಯಲ್ಲಿ ಮೈಸೂರು ಜಿಲ್ಲೆಯ ತಲೆಲೆಕ್ಕ 30,01,127. ನಂಜನಗೂಡಿನ ತೇರುಬೀದಿಯವರು, ತಿ.ನರಸೀಪುರದ ಸಂಗಮದ ದಡದವರು, ಎಲ್ಲರೂ ಅದರೊಳಗೇ. ಮನುಷ್ಯನ ಒಂದೇ ಮಿದುಳಿನಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ಇಂಥ 28 ಸಾವಿರ ಜಿಲ್ಲೆಗಳ ಜನಸಂಖ್ಯೆ ಒಂದೂವರೆ ಕೆ.ಜಿ.ಗೂ ಕಡಿಮೆ ತೂಕದಲ್ಲಿ ಅಡಗಿದೆ!

ಆ ಕೋಶಗಳನ್ನು ಬೆಸೆಯುವ ಕೊಂಡಿಗಳು, ಒಂದು ಅಂದಾಜಿನಂತೆ, ನೂರು ಲಕ್ಷ ಕೋಟಿ. ಒಬ್ಬರೇ ಕೂತು ಸೆಕೆಂಡಿಗೊಂದು ಎಣಿಸಿದರೆ 31 ಲಕ್ಷ ವರ್ಷ ಬೇಕು. ಜಿಲ್ಲೆಗೆ ಜಿಲ್ಲೆಯೇ ಊಟ, ನಿದ್ದೆ ಬಿಟ್ಟು ಎಣಿಸಿದರೂ ವರ್ಷ ದಾಟುತ್ತದೆ.

ಅಂಗನವಾಡಿ ಮೆಟ್ಟಿಲು ಹತ್ತುವ ಮೊದಲೇ ಮಗುವಿನಲ್ಲಿ ಇವು ಇನ್ನೂ ದಟ್ಟ. ಒಂದೆರಡು ವರ್ಷದ ಕೂಸಿನ ಮಿದುಳಿನ ಮುಂಭಾಗದಲ್ಲಿ ಕೊಂಡಿಗಳ ದಟ್ಟಣೆ ದೊಡ್ಡವರದಕ್ಕಿಂತ ಸುಮಾರು ಒಂದೂವರೆ ಪಟ್ಟು ಎಂದು ಪೀಟರ್ ಹಟ್ಟನ್‌ಲಾಕರ್ 1979ರಲ್ಲೇ ತೋರಿಸಿದ್ದರು. ರಸಬಾಳೆ ತೋಟದಲ್ಲಿ ಹೆಚ್ಚಾದ ಕಂದುಗಳನ್ನು ತೆಗೆಯುವಂತೆ ಮಿದುಳು ಹೆಚ್ಚಾದ ಕೊಂಡಿಗಳನ್ನು ಸವರುತ್ತಾ ಬರುತ್ತದೆ. ಕುಡುಗೋಲು ಹಿಡಿದದ್ದು ಯಾರು?

ಉತ್ತರ ಯಾರೂ ನಿರೀಕ್ಷಿಸದ ಕಡೆಯಿಂದ, ದೇಹದ ರೋಗನಿರೋಧಕ ವ್ಯವಸ್ಥೆಯಿಂದ, ಬಂತು. ಸೋಂಕು ತಗುಲಿದ ಕೋಶವನ್ನು ಗುರುತಿಸಲು ನೆರವಾಗುವ ಎಂಎಚ್‌ಸಿ ಅಣುಗಳು ಬೆಳೆಯುವ ಮಿದುಳಿನ ನರಕೋಶಗಳಲ್ಲೂ ಇರುವುದನ್ನು 1998ರಲ್ಲಿ ಕಾರ್ಲಾ ಶಾಟ್ಜ್ ತಂಡ ಕಂಡಿತು. ರಕ್ತದಲ್ಲಿ ರೋಗಾಣುವಿಗೆ ಅಂಟಿ ಗುರುತು ಹಾಕುವ ಸಿ1ಕ್ಯೂ ಪ್ರೋಟೀನು ಎಳೆಯ ಇಲಿಮರಿಯ ಕೊಂಡಿಗಳ ಮೇಲೂ ಕೂರುತ್ತದೆ ಎಂದು 2007ರಲ್ಲಿ ಬೆತ್ ಸ್ಟೀವನ್ಸ್, ಬೆನ್ ಬ್ಯಾರೆಸ್ ತೋರಿಸಿದರು. ಹದಿನೆಂಟು ಎಳೆಗಳ ಈ ಅಣು ಮಿಲಿಮೀಟರಿನ ಸುಮಾರು ಮೂವತ್ತು ಸಾವಿರದಲ್ಲೊಂದು ಪಾಲು. ಗುರುತು ಬಿದ್ದ ಕೊಂಡಿಯನ್ನು ಮೈಕ್ರೋಗ್ಲಿಯಾ ಎಂಬ ಕಾವಲು ಕೋಶ ನುಂಗುತ್ತದೆ. ಸಿ1ಕ್ಯೂ ಇಲ್ಲದ ಇಲಿಗಳಲ್ಲಿ ಕಣ್ಣಿನಿಂದ ಬರುವ ದಾರಿಗಳು ಸರಿಯಾಗಿ ಬೇರ್ಪಡುವುದಿಲ್ಲ.

ಸವರುವಿಕೆ ಅತಿಯಾದರೂ ಕಷ್ಟ. 2016ರಲ್ಲಿ ಸುಮಾರು 65 ಸಾವಿರ ಜನರ ವಂಶವಾಹಿ ಪರಿಶೀಲಿಸಿದ ಅಧ್ಯಯನವೊಂದು, ಸಿ1ಕ್ಯೂ ಬಳಗದ್ದೇ ಆದ ಸಿ4 ಪ್ರೋಟೀನು ಹೆಚ್ಚಾದಷ್ಟೂ ಸ್ಕಿಜೋಫ್ರೇನಿಯಾದ ಅಪಾಯ ಹೆಚ್ಚು ಎಂದು ಕಂಡಿತು.

ಇಲಿಗಳಲ್ಲಿ ಕಂಡಂತೆ, ಮೊದಲು ತುತ್ತಾಗುವುದು ಕಡಿಮೆ ಬಳಕೆಯ ಕೊಂಡಿ. ಕಿವಿಗೆ ಸದ್ದೇ ತಲುಪದಿದ್ದರೆ ಮಿದುಳಿನ ಕೇಳುವ ದಾರಿಗಳು ಸರಿಯಾಗಿ ಬೆಳೆಯುವುದಿಲ್ಲ. ಕೂಸು ಸದ್ದಿಗೆ ತಿರುಗದಿದ್ದರೆ “ದೊಡ್ಡವನಾದ ಮೇಲೆ ಸರಿಹೋಗುತ್ತೆ” ಎಂದು ಕಾಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಗೆ ಕರೆದೊಯ್ದು ಬೇಗ ಪರೀಕ್ಷೆ ಮಾಡಿಸಿ.